ಶ್ರೀಮಾನ್ ಶೇಕಡಾವಾರು ಅವರಿಗೊಂದು ಬಹಿರಂಗ ಮನವಿ

ಇವರಿಂದ:
ಮುಖ್ಯ ಶಿಕ್ಷಕರು, ಸಹ ಶಿಕ್ಷಕರು, ಗುಮಾಸ್ತರು ಹಾಗೂ ಗಂಟೆ ಹೊಡೆಯುವವರು (ನಾಲ್ವರೂ ಒಬ್ಬರೇ),
ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ,
ಮಲೆನಾಡಿನ ಒಂದು ಊರು.

ಇವರಿಗೆ:
ಶ್ರೀಮಾನ್ ಶೇಕಡಾವಾರು ಅವರು,
ಎಲ್ಲ ವರದಿಗಳ ಕೊನೆಯ ಕಾಲಂ,
ಎಲ್ಲ ಕಚೇರಿಗಳು.

ವಿಷಯ: ಏಳು ಮಕ್ಕಳ ಶಾಲೆಯಲ್ಲಿ ತಮ್ಮ ಓಡಾಟದಿಂದ ಉಂಟಾಗುತ್ತಿರುವ ತೊಂದರೆ ಕುರಿತು.

ಉಲ್ಲೇಖ: ತಮ್ಮ ಮೌಖಿಕ, ದೂರವಾಣಿ ಹಾಗೂ ವಾಟ್ಸ್‌ಆ್ಯಪ್ ಜ್ಞಾಪನಗಳು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಮ್ರವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ನಮ್ಮ ಶಾಲೆಯಲ್ಲಿ ಏಳು ಮಕ್ಕಳಿದ್ದಾರೆ. ಒಂದನೇ ತರಗತಿಯಲ್ಲಿ ಇಬ್ಬರು, ಎರಡರಲ್ಲಿ ಒಬ್ಬಳು, ಮೂರರಲ್ಲಿ ಇಬ್ಬರು, ನಾಲ್ಕರಲ್ಲಿ ಯಾರೂ ಇಲ್ಲ, ಐದರಲ್ಲಿ ಇಬ್ಬರು. ಇಷ್ಟನ್ನು ಬೆರಳು ಮಡಚಿ ಎಣಿಸಿ ಹೇಳಿದರೆ ಊರಿನವರಿಗೆ ಸಾಕು, ನನಗೂ ಸಾಕು. ತಮಗೆ ಮಾತ್ರ ಸಾಲದು. ಯಾವ ನಮೂನೆ ತೆರೆದರೂ ತಾವು ಕೊನೆಯ ಕಾಲಂನಲ್ಲಿ, ಬೆನ್ನಿಗೆ ಎರಡು ದಶಮಾಂಶ ಸ್ಥಾನಗಳನ್ನು ಕಟ್ಟಿಕೊಂಡು, ಕಾಯುತ್ತ ಕೂತಿರುತ್ತೀರಿ.

ತಮ್ಮ ಬಗ್ಗೆ ನನಗೆ ಗೌರವವಿದೆ. ಸಾವಿರ ಮಕ್ಕಳಿರುವ ಶಾಲೆಯಲ್ಲಿ ತಾವು ಬಹಳ ಸಭ್ಯರು. ಅಲ್ಲಿ ಹತ್ತು ಮಕ್ಕಳಿಗೆ ಜ್ವರ ಬಂದರೆ ತಾವು ಒಂದೇ ಒಂದು ಅಂಕಿ ಕೆಳಗಿಳಿಯುತ್ತೀರಿ, ಯಾರೂ ತಲೆ ಎತ್ತಿ ನೋಡುವುದಿಲ್ಲ. ನಮ್ಮಲ್ಲಿ ಹಾಗಲ್ಲ. ಎರಡನೇ ತರಗತಿಯ ಹುಡುಗಿಗೆ ಕೆಮ್ಮು ಬಂದರೆ ಹಾಜರಾತಿ ಶೇ 14.29 ಕುಸಿಯುತ್ತದೆ. ಅಕ್ಕ ತಮ್ಮ ಇಬ್ಬರೂ ಅಜ್ಜಿ ಮನೆಯ ಮದುವೆಗೆ ಹೋದರೆ ಶೇ 28.57. ಆ ದಿನ ಸಂಜೆಯೊಳಗೆ ಫೋನ್ ಬರುತ್ತದೆ: ‘ಏನ್ ಮೇಷ್ಟ್ರೇ, ನಿಮ್ಮ ಶಾಲೇಲಿ ಹಾಜರಾತಿ ಹೀಗೆ ಬಿದ್ದೋಗಿದೆ?’ ಕಾಡಾನೆ ತೋಟದೊಳಗೆ ಬಂದ ದಿನವಂತೂ ತಾವು ಸೊನ್ನೆಗೇ ಇಳಿಯುತ್ತೀರಿ. ಗೈರುಹಾಜರಿಯ ಕಾರಣಗಳಲ್ಲಿ ಅನಾರೋಗ್ಯ ಇದೆ, ವಲಸೆ ಇದೆ, ‘ಇತರೆ’ ಇದೆ. ಆನೆಯನ್ನು ನಾನು ‘ಇತರೆ’ಯಲ್ಲಿ ನಿಲ್ಲಿಸಿದ್ದೇನೆ. ಇಷ್ಟು ದೊಡ್ಡ ಪ್ರಾಣಿ ಅಷ್ಟು ಸಣ್ಣ ಕಾಲಂನಲ್ಲಿ ಹಿಡಿಸಿದ್ದು ನಮ್ಮ ಶಾಲೆಯಲ್ಲಿ ಮಾತ್ರ ಇರಬೇಕು.

ಈ ವರ್ಷದ ಆರಂಭದಲ್ಲಿ ತಾವು ಒಂದು ಭಯಂಕರ ರೂಪ ತಾಳಿದ್ದನ್ನು ನೆನಪಿಸಲು ಬಯಸುತ್ತೇನೆ. ಕಳೆದ ವರ್ಷ ಒಂಬತ್ತು ಮಕ್ಕಳಿದ್ದರು, ಈ ವರ್ಷ ಏಳು. ‘ದಾಖಲಾತಿಯಲ್ಲಿ ಶೇ 22.22 ಕುಸಿತ, ಕಾರಣ ನೀಡಿ’ ಎಂದು ಬಂತು. ನಾನು ಪ್ರಾಮಾಣಿಕವಾಗಿ ಬರೆದೆ: ಐದನೇ ತರಗತಿಯ ಮೂವರು ಪಾಸಾಗಿ ಆರಕ್ಕೆ ಹೋದರು, ಒಂದನೇ ತರಗತಿಗೆ ಇಬ್ಬರು ಬಂದರು, ಒಬ್ಬ ಟಿಸಿ ತೆಗೆದುಕೊಂಡ. ಪಾಸಾಗುವುದು ಕುಸಿತಕ್ಕೆ ಕಾರಣವಾಗಬಾರದಂತೆ. ‘ಸರಿಯಾದ ಕಾರಣ ಬರೆಯಿರಿ’ ಎಂದು ವಾಪಸ್ ಬಂತು. ಹಾಗೆ ನೋಡಿದರೆ ಮುಂದಿನ ವರ್ಷ ಐದನೇ ತರಗತಿಯ ಇಬ್ಬರನ್ನು ನಪಾಸು ಮಾಡಿ ಇಟ್ಟುಕೊಂಡರೆ ತಾವು ಸ್ಥಿರವಾಗಿರುತ್ತೀರಿ. ಇದು ಶೈಕ್ಷಣಿಕ ಪ್ರಗತಿಯ ಒಂದು ಹೊಸ ದಾರಿ ಎಂದು ತಮ್ಮ ಗಮನಕ್ಕೆ ತರುತ್ತಿದ್ದೇನೆ.

ಟಿಸಿ ತೆಗೆದುಕೊಂಡ ಹುಡುಗನ ವಿಷಯ ಇನ್ನೂ ಸೂಕ್ಷ್ಮವಾದದ್ದು. ಅವನು ಈ ವರ್ಷ ನಾಲ್ಕನೇ ತರಗತಿಯಲ್ಲಿರಬೇಕಿತ್ತು, ಮತ್ತು ಆ ತರಗತಿಗೆ ಇದ್ದವನು ಅವನೊಬ್ಬನೇ. ಹೀಗಾಗಿ ನಮ್ಮ ನಾಲ್ಕನೇ ತರಗತಿ ಇಡಿಯಾಗಿ, ನೂರಕ್ಕೆ ನೂರು, ಹಳದಿ ವ್ಯಾನ್ ಹತ್ತಿ ಪೇಟೆಯ ಇಂಗ್ಲಿಷ್ ಮೀಡಿಯಂ ಶಾಲೆಗೆ ಹೋಯಿತು. ಈಗ ಪರೀಕ್ಷೆ ಬಂದಾಗಲೆಲ್ಲ ನಾಲ್ಕನೇ ತರಗತಿಯ ಫಲಿತಾಂಶ ಕೇಳುತ್ತಾರೆ. ಸೊನ್ನೆ ಮಕ್ಕಳಲ್ಲಿ ಸೊನ್ನೆ ಮಕ್ಕಳು ಉತ್ತೀರ್ಣರಾದರೆ ಶೇಕಡಾ ಎಷ್ಟು? ಮಹಾನುಭಾವರೇ, ಇದನ್ನು ತಾವೇ ಹೇಳಬೇಕು. ‘ನೂರು ಅಂತ ಹಾಕಿಬಿಡಿ, ಸುಮ್ಮನೆ ಯಾಕೆ’ ಎಂದು ಹಿತೈಷಿಯೊಬ್ಬರು ಸಲಹೆ ಕೊಟ್ಟಿದ್ದಾರೆ.

ಇನ್ನು ಮಕ್ಕಳ ಸಾಮಾಜಿಕ ಹಿನ್ನೆಲೆಯ ವಿವರ. ಈ ಪುಟ ತುಂಬಿಸುವಾಗ ನನಗೆ ಜನಗಣತಿಯ ಆಯುಕ್ತನಾದಂತೆ ಅನಿಸುತ್ತದೆ. ಪರಿಶಿಷ್ಟ ಜಾತಿ ಇಬ್ಬರು, ಶೇ 28.57. ಪರಿಶಿಷ್ಟ ಪಂಗಡ ಒಬ್ಬ, ಹಸಲರ ಮನೆಯ ಹುಡುಗ, ಶೇ 14.29. ಪ್ರವರ್ಗ 2ಎ ಒಬ್ಬಳು, ನಮ್ಮ ಅಡುಗೆಯಮ್ಮನ ಮಗಳು, 14.29. 2ಬಿ ಒಬ್ಬಳು, 14.29. ಸಾಮಾನ್ಯ ವರ್ಗ ಇಬ್ಬರು, 28.57. ಇವಿಷ್ಟನ್ನೂ ಕೂಡಿಸಿ ನೋಡಿ. 100.01 ಬರುತ್ತದೆ. ‘ಮೊತ್ತ ನೂರು ಮೀರಿದೆ’ ಎಂದು ಪರದೆಯ ಮೇಲೆ ಕೆಂಪು ಅಕ್ಷರ. ಈ ಶಾಲೆಗೆ ಮಕ್ಕಳು ಕಡಿಮೆಯಾದರು ಎಂದು ಕೇಳಿ ಅಭ್ಯಾಸವಿತ್ತು. ಹೆಚ್ಚಾದರು ಎಂಬ ಆಕ್ಷೇಪಣೆ ಬಂದದ್ದು ಅದೇ ಮೊದಲು. ಆ ಹೆಚ್ಚುವರಿ 0.01 ಮಗು ಯಾರದು, ಯಾವ ಜಾತಿ, ಹಾಲು ಕುಡಿಯುತ್ತದೆಯೇ ಎಂದು ನಾನೂ ಹುಡುಕುತ್ತಿದ್ದೇನೆ.

ಆದರೆ ತಮಗೆ ನಿಜವಾಗಿ ತೋರಿಸಬೇಕಾದ್ದು ಆ ‘ಸಾಮಾನ್ಯ ವರ್ಗ’ವನ್ನು. ಕಳೆದ ಸಭೆಯಲ್ಲಿ ಒಬ್ಬರು ನಮ್ಮ ಅಂಕಿಗಳನ್ನು ನೋಡಿ ಸಂತೋಷಪಟ್ಟರು. ‘ಪರವಾಗಿಲ್ಲ ಮೇಷ್ಟ್ರೇ, ಮುಂದುವರಿದ ಸಮುದಾಯದವರೂ ನಿಮ್ಮ ಶಾಲೆಗೆ ಬರ್ತಿದ್ದಾರಲ್ಲ!’ ಆ ಇಬ್ಬರು ಮುಂದುವರಿದ ಮಕ್ಕಳು ಜಾರ್ಖಂಡಿನಿಂದ ಬಂದು ಎಸ್ಟೇಟಿನ ಲೈನ್ ಮನೆಯಲ್ಲಿರುವ ಒರಾಂವ್ ಆದಿವಾಸಿ ದಂಪತಿಯ ಮಕ್ಕಳು. ಜಾರ್ಖಂಡಿನಲ್ಲಿ ಒರಾಂವ್ ಪರಿಶಿಷ್ಟ ಪಂಗಡ. ಕರ್ನಾಟಕದ ಪಟ್ಟಿಯಲ್ಲಿ ಆ ಹೆಸರಿಲ್ಲ, ಏಕೆಂದರೆ ಈ ಪಟ್ಟಿಗಳು ರಾಜ್ಯಕ್ಕೊಂದರಂತೆ ಇರುತ್ತವೆ. ರೈಲು ಹತ್ತುವಾಗ ಬುಡಕಟ್ಟಿನವರಾಗಿದ್ದವರು ಇಲ್ಲಿ ಇಳಿಯುವಾಗ ಸಾಮಾನ್ಯ ವರ್ಗದವರಾದರು. ಸಮಾಜದಲ್ಲಿ ಇಷ್ಟು ವೇಗವಾಗಿ ಮೇಲೇರಿದ ಕುಟುಂಬವನ್ನು ನಾನು ಬೇರೆ ಕಂಡಿಲ್ಲ. ಅವರಪ್ಪ ಈಗಲೂ ಕಾಫಿ ಗಿಡದ ಕಸಿಯನ್ನೇ ಮಾಡುತ್ತಿದ್ದಾನೆ, ಅದು ಬೇರೆ ವಿಷಯ.

ಇಂಥ ಕುಟುಂಬಗಳು ಕಾಫಿ ಕುಯ್ಲಿನ ಹೊತ್ತಿಗೆ, ಡಿಸೆಂಬರ್ ಜನವರಿಯಲ್ಲಿ, ಇನ್ನೂ ಬರುತ್ತವೆ. ಅಸ್ಸಾಂನವರು, ನಮ್ಮದೇ ರಾಯಚೂರು ಕೊಪ್ಪಳದವರು. ಆಗ ಶಾಲೆಯ ಜಗಲಿಯಲ್ಲಿ ಹತ್ತು ಹನ್ನೆರಡು ಮಕ್ಕಳು ಕೂರುತ್ತಾರೆ. ಅಷ್ಟರಲ್ಲಿ ಆ ವರ್ಷದ ಲೆಕ್ಕದ ಪುಸ್ತಕ ಮುಚ್ಚಿರುತ್ತದೆ. ಕುಯ್ಲು ಮುಗಿದ ಮೇಲೆ ಅವರು ಹೋಗುತ್ತಾರೆ, ಲೆಕ್ಕ ಮತ್ತೆ ತೆರೆಯುತ್ತದೆ. ತಮಗೂ ಆ ಮಕ್ಕಳಿಗೂ ಇದುವರೆಗೆ ಭೇಟಿ ಆಗಿಲ್ಲ.

ಮಾತೃಭಾಷೆಯ ಕಾಲಂ ಬಗ್ಗೆಯೂ ಒಂದು ಮಾತು. ನಮ್ಮದು ಕನ್ನಡ ಮಾಧ್ಯಮ ಶಾಲೆ. ಮನೆಯಲ್ಲಿ ತುಳು ಇಬ್ಬರು, ಬ್ಯಾರಿ ಒಬ್ಬಳು, ಒರಾಂವ್ ಮನೆಯ ಸಾದ್ರಿ ಇಬ್ಬರು, ಕನ್ನಡ ಇಬ್ಬರು. ಕನ್ನಡ ಶಾಲೆಯಲ್ಲಿ ಕನ್ನಡ ಶೇ 28.57 ಎಂದು ತಮ್ಮ ಕೈಯಲ್ಲಿ ಹೇಳಿಸಿದರೆ ನವೆಂಬರಿನಲ್ಲಿ ಧ್ವಜ ಹಾರಿಸುವವರು ಗಾಬರಿಯಾದಾರು. ಆಟದ ಬಯಲಿಗೆ ಬಂದು ಕೇಳಲಿ. ಲಗೋರಿಯಲ್ಲಿ ಮೋಸವಾದಾಗ ಏಳೂ ಮಕ್ಕಳು ಜಗಳವಾಡುವುದು ಕನ್ನಡದಲ್ಲಿ. ಒರಾಂವ್ ಹುಡುಗಿಯ ಬೈಗುಳ ಎಲ್ಲರಿಗಿಂತ ಸ್ಫುಟವಾಗಿದೆ. ವ್ಯಾನಿನಲ್ಲಿ ಹೋಗುವ ಮಕ್ಕಳಿಗೆ ಶಾಲೆಯ ಆವರಣದಲ್ಲಿ ಕನ್ನಡ ಮಾತಾಡಿದರೆ ದಂಡವಂತೆ. ಭಾಷೆ ಉಳಿಸುವ ಕೆಲಸವನ್ನು ಜಾರ್ಖಂಡಿನ ಮಗುವಿಗೆ ವಹಿಸಿ ನಾವು ನಿಶ್ಚಿಂತರಾಗಿದ್ದೇವೆ.

ಲಿಂಗಾನುಪಾತದಲ್ಲಿ ನಾವು ದೇಶಕ್ಕೇ ಮಾದರಿ. ಹೆಣ್ಣು ನಾಲ್ಕು, ಗಂಡು ಮೂರು. ಸಾವಿರ ಗಂಡುಮಕ್ಕಳಿಗೆ 1,333 ಹೆಣ್ಣುಮಕ್ಕಳು! ‘ಹೆಣ್ಣುಮಕ್ಕಳ ಶಿಕ್ಷಣದಲ್ಲಿ ಅಭೂತಪೂರ್ವ ಸಾಧನೆ’ ಎಂದು ಬ್ಯಾನರ್ ಬರೆಸಬಹುದು. ಬರೆಸುವ ಮುನ್ನ 2ಬಿ ಹುಡುಗಿಯ ಮನೆಗೆ ಒಮ್ಮೆ ಹೋಗಿ ಬರಬೇಕು. ಅವಳ ಅಣ್ಣ ಟೈ ಕಟ್ಟಿಕೊಂಡು ವ್ಯಾನಿಗೆ ಕಾಯುತ್ತಾನೆ. ಇವಳು ನಮ್ಮ ಶಾಲೆಯ ಕಡೆ ನಡೆಯುತ್ತಾಳೆ. ಮನೆಗೆ ಒಂದೇ ಫೀಸು ಕಟ್ಟುವ ತ್ರಾಣ, ಅದು ಮಗನಿಗೆ. ಸರ್ಕಾರಿ ಶಾಲೆಗಳಲ್ಲಿ ಹೆಣ್ಣುಮಕ್ಕಳ ಪಾಲು ಏರುವುದು ಬಹಳ ಕಡೆ ಹೀಗೆ.

ಈ ಶಾಲೆ ಮೊದಲಿನಿಂದ ಹೀಗಿರಲಿಲ್ಲ. ಹಳೆಯ ದಾಖಲಾತಿ ಪುಸ್ತಕದಲ್ಲಿ ಒಂದು ವರ್ಷಕ್ಕೆ ಪುಟಗಟ್ಟಲೆ ಹೆಸರು; ಈಗ ಒಂದು ಪುಟಕ್ಕೆ ಹಲವು ವರ್ಷ ಹಿಡಿಸುತ್ತದೆ. ಮಕ್ಕಳೇ ಕಡಿಮೆ ಹುಟ್ಟುತ್ತಿದ್ದಾರೆ, ಒಪ್ಪಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಒಟ್ಟು ಫಲವಂತಿಕೆ ದರ 1.7. ಒಂದೊಂದು ಮನೆಯಲ್ಲಿ ಒಂದೊಂದು ಮಗು, ಆ ಒಂದನ್ನು ‘ಚೆನ್ನಾಗಿ’ ಓದಿಸಬೇಕೆಂಬ ಹಟ. ಆದರೆ ಹುಟ್ಟಿದ ಮಕ್ಕಳು ಇಲ್ಲಿಗೆ ಬಾರದಂತೆ ಮಾಡಿದ್ದರಲ್ಲಿ ತಮ್ಮ ಕುಲದವರೇ ಆದ ‘ಶೇ 25’ ಅವರ ಪಾತ್ರವೂ ಇದೆ. ಶಿಕ್ಷಣ ಹಕ್ಕು ಕಾಯ್ದೆಯ ಹೆಸರಿನಲ್ಲಿ 2012-13ರಿಂದ ಖಾಸಗಿ ಶಾಲೆಗಳ ಶೇ 25 ಸೀಟುಗಳನ್ನು ಬಡಮಕ್ಕಳಿಗೆ ಕೊಡಿಸಿದರು. ಉದ್ದೇಶ ಒಳ್ಳೆಯದೇ. ಒಂದನೇ ತರಗತಿಯ ಮಗುವಿಗೆ ವರ್ಷಕ್ಕೆ 16,000 ರೂಪಾಯಿವರೆಗೂ ಸರ್ಕಾರವೇ ಶುಲ್ಕ ಕಟ್ಟಿತು. ಪಕ್ಕದಲ್ಲಿ ತನ್ನದೇ ಶಾಲೆ ಇದ್ದಾಗಲೂ, ಅಲ್ಲಿಂದ ಮಗುವನ್ನು ಬಿಡಿಸಿ ಬೇರೆ ಕಡೆ ಕಳಿಸಲು ದುಡ್ಡು ಕೊಟ್ಟ ಸರ್ಕಾರ ನಮ್ಮದು. 2018ರ ಕೊನೆಯಲ್ಲಿ ಎಚ್ಚರವಾಯಿತು. ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಸೀಟು ಇಲ್ಲವೆಂದು ನಿಯಮ ತಿದ್ದಿದರು. ಅಷ್ಟೊತ್ತಿಗೆ ವ್ಯಾನ್ ನಮ್ಮೂರ ಗೇಟಿನವರೆಗೂ ಬರುವುದನ್ನು ಕಲಿತಾಗಿತ್ತು. ಪುಕ್ಕಟೆ ಹೋದವರ ತಮ್ಮ ತಂಗಿಯರು ಈಗ ಸಾಲ ಮಾಡಿ ಹೋಗುತ್ತಿದ್ದಾರೆ.

(ಅದೇ 2018ರಲ್ಲಿ ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಕಾಸರಗೋಡು’ ಸಿನಿಮಾ ಬಂತು. ಮುಚ್ಚಿಹೋಗುವ ಕನ್ನಡ ಶಾಲೆಯ ಕತೆ ನೋಡಲು ಜನ ಟಿಕೆಟ್ ಕೊಂಡು ಸಾಲು ನಿಂತರು, ಕಣ್ಣು ಒರೆಸಿಕೊಂಡರು, ಶಿಳ್ಳೆ ಹಾಕಿದರು. ಮರುದಿನ ಬೆಳಿಗ್ಗೆ ಎಂದಿನಂತೆ ಮಕ್ಕಳನ್ನು ವ್ಯಾನ್ ಹತ್ತಿಸಿದರು. ಅವರಲ್ಲಿ ಮೇಷ್ಟ್ರುಗಳೂ ಇದ್ದರು.)

ಹೋಗಬಲ್ಲವರೆಲ್ಲ ಹೋದ ಮೇಲೆ ಉಳಿದವರು ಈ ಏಳು ಜನ. ಲೈನ್ ಮನೆ, ಕಾಲೊನಿ, ಹಾಡಿ, ಅಡುಗೆಯಮ್ಮ, ಫೀಸು ಸಿಗದ ಹುಡುಗಿ. ತಮ್ಮ ಪ್ರಕಾರ ಇದು ‘ಕುಸಿತ’. ನನ್ನ ಪ್ರಕಾರ ಸರ್ಕಾರಿ ಶಾಲೆ ಯಾರಿಗಾಗಿ ಇರಬೇಕೋ ಅವರಿಗಾಗಿ ನೂರಕ್ಕೆ ನೂರು ಉಳಿದಿದೆ. ಇಲ್ಲಿಯೂ ತಾವು ಬಂದಿರಿ ನೋಡಿ, ತಮ್ಮಿಂದ ತಪ್ಪಿಸಿಕೊಳ್ಳುವುದು ಕಷ್ಟ.

ಹಾಗೆಂದು ದಾಖಲಾತಿ ಹೆಚ್ಚಿಸಲು ನಾನು ಪ್ರಯತ್ನಿಸಿಲ್ಲವೆಂದು ತಿಳಿಯಬಾರದು. ಆದೇಶದಂತೆ ದಾಖಲಾತಿ ಆಂದೋಲನ ಮಾಡಿದೆ. ಪ್ರಭಾತ ಫೇರಿ ಹೊರಡಿಸಿದೆ. ಏಳು ಮಕ್ಕಳು ಫಲಕ ಹಿಡಿದು ‘ಮರಳಿ ಬಾ ಶಾಲೆಗೆ’ ಎಂದು ಕೂಗುತ್ತ ಎಸ್ಟೇಟ್ ರಸ್ತೆಯಲ್ಲಿ ನಡೆದರು. ಎರಡೂ ಬದಿಗೆ ರೊಬಸ್ಟಾ ಗಿಡಗಳು ಗಂಭೀರವಾಗಿ ಕೇಳಿಸಿಕೊಂಡವು. ವ್ಯಾನಿನವರನ್ನು ಬಿಟ್ಟರೆ ಊರಿನಲ್ಲಿ ಶಾಲೆಗೆ ಸೇರಬೇಕಾದ ವಯಸ್ಸಿನವರು ಯಾರಿದ್ದರೋ ಅವರೆಲ್ಲ ಮೆರವಣಿಗೆಯಲ್ಲೇ ಇದ್ದರು. ಕರೆಯುವವರೂ ಅವರೇ, ಕರೆಸಿಕೊಳ್ಳುವವರೂ ಅವರೇ. ಫೋಟೊ ಅಪ್‌ಲೋಡ್ ಮಾಡಿದ್ದೇನೆ.

ಸರ್ಕಾರವೂ ಒಮ್ಮೆ ಕೈ ಹಿಡಿಯಿತು, ಅದನ್ನು ಮರೆಯಬಾರದು. ಒಂದನೇ ತರಗತಿಗೆ ಆರು ವರ್ಷ ತುಂಬಿರಬೇಕೆಂಬ ನಿಯಮವನ್ನು 2025-26ಕ್ಕೆ ಮಾತ್ರ ಐದು ವರ್ಷ ಐದು ತಿಂಗಳಿಗೆ ಸಡಿಲಿಸಿದರು. ಅಂಗನವಾಡಿಯಲ್ಲಿದ್ದ ಒಬ್ಬ ಹುಡುಗ ಆ ಸಂದಿಯಲ್ಲಿ ನುಸುಳಿ ಬಂದ. ಆರಕ್ಕೇ ನಿಲ್ಲಬೇಕಿದ್ದವರು ಏಳಾಗಿ ನಾವು ಶೇ 16.67 ಬೆಳವಣಿಗೆ ದಾಖಲಿಸಿದೆವು. ದೇಶದ ಆರ್ಥಿಕತೆಯೂ ಇಷ್ಟು ವೇಗವಾಗಿ ಬೆಳೆಯುತ್ತಿಲ್ಲ. ಅದಕ್ಕೆ ಮಾತ್ರ ಯಾರೂ ಫೋನ್ ಮಾಡಿ ಕಾರಣ ಕೇಳಲಿಲ್ಲ.

ಶಾಲಾಭಿವೃದ್ಧಿ ಸಮಿತಿಯದ್ದೂ ಒಂದು ಸಂಕಟವಿದೆ. ಕಾಯ್ದೆ ಪ್ರಕಾರ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಮಹಿಳೆಯರು. ನಮ್ಮಲ್ಲಿ ಇರುವುದು ಐದು ಮನೆ. ಐದೂ ಮನೆಯ ಅಪ್ಪ ಅಮ್ಮಂದಿರನ್ನು ಸೇರಿಸಿದ್ದೇವೆ. ಆಯ್ಕೆ ಅವಿರೋಧ, ವಿರೋಧಿಸಲು ಬೇರೆ ಯಾರೂ ಇರಲಿಲ್ಲ. ಸಭೆ ಕರೆದರೆ ಆ ದಿನದ ಕೂಲಿ ಹೋಗುತ್ತದೆ, ಹಾಗಾಗಿ ನಡಾವಳಿ ಪುಸ್ತಕ ನಾನೇ ತೋಟಕ್ಕೆ ಒಯ್ಯುತ್ತೇನೆ. ಮೆಣಸಿನ ಬಳ್ಳಿಯ ಏಣಿಯ ಮೇಲೆ ನಿಂತೇ ಅಧ್ಯಕ್ಷರು ಸಹಿ ಹಾಕುತ್ತಾರೆ.

ಬಿಸಿಯೂಟದಲ್ಲಿ ತಾವು ತಲೆ ಹಾಕದಿದ್ದರೆ ಒಳ್ಳೆಯದಿತ್ತು. 2025ರ ಮೇ ತಿಂಗಳಿನಿಂದ ಕೇಂದ್ರ ನಿಗದಿ ಮಾಡಿದ ಸಾಮಗ್ರಿ ವೆಚ್ಚ ಪ್ರಾಥಮಿಕ ತರಗತಿಯ ಮಗುವಿಗೆ ದಿನಕ್ಕೆ 6 ರೂಪಾಯಿ 78 ಪೈಸೆ. ಏಳಕ್ಕೆ ಗುಣಿಸಿದರೆ 47 ರೂಪಾಯಿ 46 ಪೈಸೆ. ಬೇಳೆ, ತರಕಾರಿ, ಎಣ್ಣೆ, ಉಪ್ಪು, ಹುಳಿ, ಖಾರ, ಉರುವಲು ಎಲ್ಲ ಇದರಲ್ಲೇ. ಎಪ್ಪತ್ತು ಮಕ್ಕಳ ಶಾಲೆಯಲ್ಲಿ ಒಗ್ಗರಣೆಗೆ ಎಷ್ಟು ಸಾಸಿವೆ ಬೇಕೋ, ಏಳು ಮಕ್ಕಳ ಒಗ್ಗರಣೆಗೆ ಅದರ ಹತ್ತನೇ ಒಂದು ಭಾಗ ಸಾಕೆಂದು ತಮ್ಮ ಲೆಕ್ಕ. ಅಡುಗೆಯಮ್ಮ ಆ ಲೆಕ್ಕ ಒಪ್ಪುವುದಿಲ್ಲ. ಅವಳ ಹಿತ್ತಲಿನ ಬಸಳೆ, ಕೆಸುವು, ಪಪ್ಪಾಯಿ ಸರ್ಕಾರಿ ಸಾರಿಗೆ ಸೇರುತ್ತವೆ. ಅದಕ್ಕೆ ರಸೀದಿ ಇಲ್ಲದ ಕಾರಣ ಲೆಕ್ಕ ತಪಾಸಣೆಯಲ್ಲಿ ತೋರಿಸಲಾಗಿಲ್ಲ.

ನನ್ನ ಬಗ್ಗೆ ಹೇಳಿಕೊಳ್ಳುವುದು ಹೆಚ್ಚೇನಿಲ್ಲ. ನನ್ನಂಥವರು ದೇಶದಲ್ಲಿ ಬೇಕಾದಷ್ಟಿದ್ದಾರೆ. ಶಾಲೆಗಳ ಲೆಕ್ಕ ಇಡುವ ಯುಡೈಸ್ ಪ್ಲಸ್ 2024-25ರ ವರದಿಯ ಪ್ರಕಾರ ಭಾರತದಲ್ಲಿ ಶಿಕ್ಷಕರ ಸಂಖ್ಯೆ ಮೊದಲ ಬಾರಿಗೆ ಒಂದು ಕೋಟಿ ದಾಟಿತು. ಅದೇ ವರ್ಷದ ಅಂಕಿ ಅಂಶಗಳಲ್ಲಿ ಏಕೋಪಾಧ್ಯಾಯ ಶಾಲೆಗಳು ಒಂದು ಲಕ್ಷಕ್ಕೂ ಹೆಚ್ಚು, ಕರ್ನಾಟಕದಲ್ಲೇ ಏಳು ಸಾವಿರಕ್ಕೂ ಹೆಚ್ಚು. ಇನ್ನೊಂದು ಕಡೆ ಒಂದೂ ಮಗುವಿಲ್ಲದ ಶಾಲೆಗಳು ಸುಮಾರು ಎಂಟು ಸಾವಿರ, ಅವುಗಳಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಶಿಕ್ಷಕರು. ಮಕ್ಕಳಿಲ್ಲದ ಕಡೆ ಮೇಷ್ಟ್ರು, ಮೇಷ್ಟ್ರಿಲ್ಲದ ಕಡೆ ಮಕ್ಕಳು. ಒಟ್ಟು ಭಾಗಿಸಿ ನೋಡಿದಾಗ ಸರಾಸರಿ ಮಾತ್ರ ತುಂಬ ಆರೋಗ್ಯವಾಗಿರುತ್ತದೆ.

ಒಬ್ಬನೇ ಇದ್ದು ನಾಲ್ಕು ತರಗತಿ ಹೇಗೆ ಕಲಿಸುತ್ತೀರಿ ಎಂದು ತಾವು ಕೇಳಿಲ್ಲ, ಆದರೂ ಹೇಳುತ್ತೇನೆ. 1995ರಲ್ಲಿ ಹೆಗ್ಗಡದೇವನಕೋಟೆಯ ಮೇಷ್ಟ್ರುಗಳು ಋಷಿವ್ಯಾಲಿ ಶಾಲೆಯ ಪದ್ಧತಿಯನ್ನು ನೋಡಿ ಬಂದು ನಲಿ ಕಲಿ ಕಟ್ಟಿದರು. ಬೇರೆ ಬೇರೆ ವಯಸ್ಸಿನ ಮಕ್ಕಳು ಒಂದೇ ಕೋಣೆಯಲ್ಲಿ, ಅವರವರ ಮೆಟ್ಟಿಲಲ್ಲಿ ಅವರವರು ಕಲಿಯುವ ಕ್ರಮ. ಚಿಕ್ಕ ಶಾಲೆಗೆ ಹೇಳಿ ಮಾಡಿಸಿದ್ದು. ಮೂರನೇ ತರಗತಿಯವಳು ಒಂದನೆಯವನಿಗೆ ಅಕ್ಷರ ತಿದ್ದಿಸುತ್ತಾಳೆ, ಐದನೆಯವನು ಎಲ್ಲರಿಗೂ ಮಗ್ಗಿ ಹೇಳಿಸುತ್ತಾನೆ. ನಾನು ಶಾಲೆಯಲ್ಲಿರುವ ದಿನ ಪಾಠ ಚೆನ್ನಾಗಿಯೇ ನಡೆಯುತ್ತದೆ. ತಾಲ್ಲೂಕು ಕೇಂದ್ರದಲ್ಲಿ ಸಭೆ, ತರಬೇತಿ, ಮತದಾರರ ಪಟ್ಟಿ, ಸಮೀಕ್ಷೆ ಇದ್ದ ದಿನ ಇರುವುದಿಲ್ಲ. 2025ರ ಸಾಮಾಜಿಕ ಶೈಕ್ಷಣಿಕ ಸಮೀಕ್ಷೆಯಲ್ಲಿ ಮನೆಗೆ ಅರುವತ್ತರಂತೆ ಪ್ರಶ್ನೆ ಹಿಡಿದು ತಿರುಗಿದೆವು. ಆ ಕೆಲಸ ಮುಗಿಯಲೆಂದು ದಸರಾ ರಜೆಯನ್ನೇ ಬೆಳೆಸಿದರು. ‘ನಿಮ್ಮ ಮಗು ಯಾವ ಶಾಲೆಗೆ ಹೋಗುತ್ತದೆ’ ಎಂದು ನಾನು ಕೇಳಿ ಬರೆದುಕೊಳ್ಳುತ್ತಿದ್ದಾಗ ನನ್ನ ಶಾಲೆಗೆ ಬೀಗ ಬಿದ್ದಿತ್ತು.

ಈಗ ಮುಖ್ಯ ವಿಷಯ. ತಮ್ಮ ಶಿಫಾರಸಿನ ಮೇರೆಗೆ ನಮ್ಮ ಶಾಲೆಯನ್ನು ‘ವಿಲೀನ’ ಮಾಡುವ ಮಾತು ಕೇಳಿಬರುತ್ತಿದೆ. ಮುಚ್ಚುವುದಿಲ್ಲವಂತೆ, ವಿಲೀನವಂತೆ. ಬಾಗಿಲಿಗೆ ಹಾಕುವ ಬೀಗ ಎರಡಕ್ಕೂ ಒಂದೇ ಅಂಗಡಿಯದು. ಹತ್ತಿರದ ದೊಡ್ಡ ಶಾಲೆ ನಕ್ಷೆಯ ಮೇಲೆ ಸ್ಕೇಲ್ ಇಟ್ಟು ಅಳೆದರೆ ಒಂದು ಕಿಲೋಮೀಟರ್ ಒಳಗೇ ಇದೆ. ಐದನೇ ತರಗತಿವರೆಗಿನ ಮಕ್ಕಳಿಗೆ ಶಾಲೆ ಒಂದು ಕಿಲೋಮೀಟರ್ ನಡಿಗೆಯ ದೂರದಲ್ಲಿರಬೇಕೆಂಬ ನಿಯಮಕ್ಕೆ ಸರಿಹೊಂದಿತು ಎಂದು ಟಿಕ್ ಬಿದ್ದಿದೆ. ನಿಯಮದಲ್ಲಿ ‘ನಡಿಗೆ’ ಎಂದಿದೆ. ಸ್ಕೇಲ್ ನಡೆಯುವುದಿಲ್ಲ, ಮಗು ನಡೆಯುತ್ತದೆ. ಮಧ್ಯೆ ಒಂದು ಹಳ್ಳವಿದೆ. ಬೇಸಿಗೆಯಲ್ಲಿ ದಾಟಬಹುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎರಡು ಅಡಿಕೆ ಮರ ಹಾಕಿದ ಕಾಲುಸಂಕವೇ ಗತಿ. ಇಲ್ಲವಾದರೆ ಸುತ್ತಿ ಹೋಗಬೇಕು, ಮೂರು ಕಿಲೋಮೀಟರ್, ಆನೆ ದಾರಿಯಲ್ಲಿ. 2022ರ ಮಳೆಗಾಲದಲ್ಲಿ ಉಡುಪಿ ಜಿಲ್ಲೆಯಲ್ಲಿ ಶಾಲೆಯಿಂದ ಮರಳುತ್ತಿದ್ದ ಪುಟ್ಟ ಬಾಲಕಿಯೊಬ್ಬಳು ಕಾಲುಸಂಕದಿಂದ ಜಾರಿ ನೀರು ಪಾಲಾದಳು. ಆ ಲೆಕ್ಕವನ್ನು ಯಾವ ದಶಮಾಂಶದಲ್ಲೂ ಬರೆಯಲು ಬರುವುದಿಲ್ಲ.

ವಿಲೀನವಾದ ಮರುವರ್ಷ ಏನಾಗುತ್ತದೆಂದು ನಾನೇ ಮುಂಗಡವಾಗಿ ವರದಿ ಕೊಡುತ್ತೇನೆ. ದೊಡ್ಡ ಶಾಲೆಯ ಪಟ್ಟಿಯಲ್ಲಿ ಏಳು ಹೆಸರು ಸೇರಿ ತಾವು ಅಲ್ಲಿ ತುಸು ಏರುತ್ತೀರಿ. ಲೈನ್ ಮನೆಯ ಇಬ್ಬರು ತಾಯಿಯ ಜೊತೆ ತೋಟಕ್ಕೆ ಹೋಗುತ್ತಾರೆ. ಹಸಲರ ಹುಡುಗ ಮಳೆ ನಿಂತ ಮೇಲೆ ಹೋಗುತ್ತೇನೆ ಎಂದು ಹೇಳಿ ಹೋಗುವುದಿಲ್ಲ. ಫೀಸು ಸಿಗದ ಹುಡುಗಿಯನ್ನು ಅಷ್ಟು ದೂರ ಒಬ್ಬಳನ್ನೇ ಕಳಿಸಲು ಮನೆಯವರು ಒಪ್ಪುವುದಿಲ್ಲ. ಏಳರಲ್ಲಿ ನಾಲ್ವರು ಬಿಟ್ಟರೂ ದೊಡ್ಡ ಶಾಲೆಯ ಮೊತ್ತದಲ್ಲಿ ಅದು ಕಾಣುವಷ್ಟು ದೊಡ್ಡದಲ್ಲ. ಇಲ್ಲಿ ಶೇ 57.14 ಆಗಿ ತಮ್ಮ ನಿದ್ದೆ ಕೆಡಿಸಬೇಕಿದ್ದವರು ಅಲ್ಲಿ ದಶಮಾಂಶದಾಚೆಗೆ ಮಾಯವಾಗುತ್ತಾರೆ. ಸಣ್ಣ ಶಾಲೆಯ ಮೇಲೆ ತಮಗೇಕೆ ಸಿಟ್ಟು ಎಂಬುದು ನನಗೆ ಅರ್ಥವಾಗಿದೆ: ಇಲ್ಲಿ ಒಂದು ಮಗುವೂ ಗೊತ್ತಾಗದಂತೆ ಕಳೆದುಹೋಗುವುದಿಲ್ಲ.

ಆದ್ದರಿಂದ ನನ್ನ ಬೇಡಿಕೆ ಚಿಕ್ಕದು. ಹೊಸ ಕಟ್ಟಡ ಬೇಡ, ಸ್ಮಾರ್ಟ್ ಬೋರ್ಡ್ ಬೇಡ, ಕರೆಂಟೇ ಇರುವುದಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ, ಒಂದರಿಂದ ಐದನೇ ತರಗತಿಗೆ ಅರುವತ್ತು ಮಕ್ಕಳವರೆಗೆ ಇಬ್ಬರು ಶಿಕ್ಷಕರು ಎಂದಿದೆ. ಅಲ್ಲಿ ತಮ್ಮ ಹೆಸರಿಲ್ಲ, ದಶಮಾಂಶವೂ ಇಲ್ಲ. ಅರುವತ್ತರವರೆಗೆ ಎಂದರೆ ಏಳೂ ಸೇರಿತು. ಈ ಕಾಯ್ದೆ ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು. ತಾರೀಖು ನೋಡಿ ಅದನ್ನು ತಮಾಷೆಯೆಂದು ತಿಳಿದವರು ಯಾರಾದರೂ ಇದ್ದರೆ ತಿದ್ದಿಕೊಳ್ಳಲಿ. ತಮ್ಮ ಭಾಷೆಯಲ್ಲೇ ಹೇಳುವುದಾದರೆ, ನಮ್ಮ ಶಾಲೆಯಲ್ಲಿ ಮಕ್ಕಳು ಶೇ 100 ಇದ್ದಾರೆ, ಶಿಕ್ಷಕರು ಶೇ 50 ಇದ್ದಾರೆ.

ವಿಲೀನದ ಕಡತವನ್ನು ಮಳೆಗಾಲ ಮುಗಿಯುವವರೆಗೆ ಮುಟ್ಟಬೇಡಿ. ಮುಟ್ಟಲೇಬೇಕೆಂದಿದ್ದರೆ ಜುಲೈ ತಿಂಗಳಲ್ಲಿ ಒಂದು ದಿನ ಬಂದು, ಮಕ್ಕಳ ಜೊತೆ ಆ ದಾರಿಯಲ್ಲಿ ನಡೆದು, ಆಮೇಲೆ ಸಹಿ ಹಾಕಿ. ಮತ್ತು ಬಾಕಿ ಇರುವ ಶೇ 50 ಶಿಕ್ಷಕರನ್ನು ಶಾಲೆ ತೆರೆಯುವುದರೊಳಗೆ ಕಳಿಸಿಕೊಡಿ. ಅವರಿಗೆ ಶೇಕಡಾ ಲೆಕ್ಕ ಬಾರದಿದ್ದರೂ ನಡೆಯುತ್ತದೆ.


ತಮ್ಮ ವಿಶ್ವಾಸಿ,
ಏಳು ಮಕ್ಕಳ ಮೇಷ್ಟ್ರು